ಫಿನ್ಲೆಂಡಿನ ಮಣ್ಣುರಸ್ತೆಯಲ್ಲಿ ನನ್ನ ಸೊಸೆ

ವಿಮಾನದಲ್ಲಿ ಸೊಂಟ ಹಿಡಿದುಹೋಗುವಷ್ಟು ಹೊತ್ತು ಕೂತು, ನಡುವೆ ಒಂದು ಮರಳುಗಾಡಿನ ಊರಿನಲ್ಲಿ ಇಳಿದು ಹತ್ತಿ, ಕೊನೆಗೆ ನಾನು ನೋಡಲು ಹೋದದ್ದು ಒಂದು ಮಣ್ಣುರಸ್ತೆಯನ್ನು. ಇದನ್ನು ಹೇಳಿದರೆ ಗೌರಿಬಿದನೂರಿನಲ್ಲಿ ಯಾರೂ ನಂಬುವುದಿಲ್ಲ. ನನ್ನ ತವರು ಮಂಡಿಕಲ್ ಹತ್ತಿರದ ಒಂದು ಹಳ್ಳಿ. ಅಲ್ಲಿಗೆ ಡಾಂಬರು ಹಾಕಿಸಬೇಕೆಂದು ನಮ್ಮಣ್ಣ ಆಫೀಸಿಂದ ಆಫೀಸಿಗೆ ಓಡಾಡಿ ಚಪ್ಪಲಿ ಸವೆಸಿದ. ಫಿನ್ಲೆಂಡಿನವರು ನೋಡಿದರೆ ಕಾಡಿನ ನಡುವೆ ಮಣ್ಣುರಸ್ತೆಗಳನ್ನು ಬೇಕೆಂದೇ ಉಳಿಸಿಕೊಂಡು, ಸವರಿ ನುಣುಪು ಮಾಡಿ, ಅದರ ಮೇಲೆ ಕಾರು ಓಡಿಸಿ ಬನ್ನಿ ಎಂದು ಊರೂರಿನವರನ್ನು ಕರೆಯುತ್ತಾರೆ. ಹಾಗೆ ಕರೆಸಿಕೊಂಡವರಲ್ಲಿ ನನ್ನ ಸೊಸೆ ಭವ್ಯಾಳೂ ಒಬ್ಬಳು. ನಾನು ಹೋದದ್ದು ಅವಳ ಹನ್ನೊಂದು ತಿಂಗಳ ಮಗುವನ್ನು ಎತ್ತಿಕೊಳ್ಳುವುದಕ್ಕೆ.

ಹೊರಡುವ ಮುಂಚೆ

ಭವ್ಯಾ ಪೆರೇಸಂದ್ರದವಳು. ಅವಳ ಅಪ್ಪನದು ಹೈವೇ ಪಕ್ಕದಲ್ಲಿ ಟೈರು ಪಂಕ್ಚರ್ ಅಂಗಡಿ. ಕಾಲು ಬ್ರೇಕಿಗೆ ಎಟುಕುವ ಹೊತ್ತಿಗೆ ಟ್ರ್ಯಾಕ್ಟರ್ ಕಲಿತು, ಲೈಸೆನ್ಸ್ ಬಂದ ಮೇಲೆ ಚಿಂತಾಮಣಿ ಮಾರುಕಟ್ಟೆಗೆ ಟೊಮೇಟೊ ಗಾಡಿ ಹೊಡೆದು, ಅಲ್ಲಿಂದ ಅದು ಹೇಗೋ ರ‍್ಯಾಲಿಗೆ ಹೋದವಳು. ಮೊದಲು ಹೆಂಗಸರಲ್ಲಿ ಚಾಂಪಿಯನ್ ಆದಳು. ಆಮೇಲೆ ಗಂಡಸರನ್ನೂ ಸೇರಿಸಿಕೊಂಡು ಚಾಂಪಿಯನ್ ಆದಳು.

ಮದುವೆ ಮಾತುಕತೆಯಲ್ಲಿ ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ನನ್ನ ಮಗ ಕಿರಣ ಚಿಂತಾಮಣಿಯ ಒಂದು ಬ್ಯಾಂಕಿನಲ್ಲಿದ್ದಾನೆ. ಹುಡುಗಿ ಏನು ಮಾಡುತ್ತಾಳೆ ಎಂದು ಕೇಳಿದ್ದಕ್ಕೆ, "ಡ್ರೈವರ್ ಅಮ್ಮ" ಎಂದ. ನಾನು ಸರ್ಕಾರಿ ಬಸ್ಸಿನ ಡ್ರೈವರ್ ಎಂದುಕೊಂಡೆ. ಹೆಣ್ಣುಮಗಳು ಬಸ್ಸು ಓಡಿಸುತ್ತಾಳೆ, ಪಿಂಚಣಿ ಬರುವ ಕೆಲಸ ಎಂದು ಬೀದಿಯವರಿಗೆಲ್ಲ ಹೆಮ್ಮೆಯಿಂದ ಹೇಳಿಬಿಟ್ಟೆ. ನಿಶ್ಚಿತಾರ್ಥದ ದಿನ ಅವರ ಮನೆಯ ಗೋಡೆಯಲ್ಲಿ ನಾಲ್ಕು ಚಕ್ರವೂ ನೆಲ ಬಿಟ್ಟಿರುವ ಕಾರಿನ ಫೋಟೊ ನೋಡಿದೆ. "ಈ ಅಪಘಾತದಲ್ಲಿ ಯಾರಿಗೂ ಏನೂ ಆಗಲಿಲ್ಲವಷ್ಟೆ?" ಎಂದು ಕೇಳಿದೆ. ಬೀಗರು ನಕ್ಕರು. "ಅಪಘಾತ ಅಲ್ಲಮ್ಮಾ, ಅದು ಗೆದ್ದಿದ್ದು" ಎಂದರು.

ಪಾಪು ಹುಟ್ಟಿದಳು. ನಾನು ನಿವೃತ್ತ ಕನ್ನಡ ಮೇಡಂ, ಮಗುವಿಗೆ ಒಳ್ಳೆಯ ಹೆಸರೇ ಇಟ್ಟಿದ್ದೇನೆ, ಆದರೂ ಎಲ್ಲರ ಬಾಯಲ್ಲಿ ಅವಳು ಪಾಪುವೇ. ಮಗುವಿಗೆ ಎಂಟು ತಿಂಗಳಾದಾಗ ಭವ್ಯಾ ಮತ್ತೆ ಒಂದು ರ‍್ಯಾಲಿಗೆ ಹೋದಳು, ಅರ್ಧದಲ್ಲಿ ಗಾಡಿ ನಿಲ್ಲಿಸಿ ವಾಪಸ್ ಬಂದಳು. ಇಂಜಿನ್ ಚೆನ್ನಾಗಿತ್ತು, ಟೈರೂ ಚೆನ್ನಾಗಿತ್ತು. ಏನಾಯಿತು ಎಂದರೆ, "ಕಾಲೇ ಬರ್ತಿಲ್ಲ ಅತ್ತೆ. ಆಕ್ಸಿಲರೇಟರ್ ಮೇಲಿಂದ ತಾನಾಗೇ ಎದ್ಬಿಡುತ್ತೆ" ಎಂದಳು. ಗೆಲ್ಲಲಿ ಸೋಲಲಿ ಊಟ ಬಿಟ್ಟವಳಲ್ಲ. ಆವತ್ತು ತಟ್ಟೆ ಮುಂದೆ ಸುಮ್ಮನೆ ಕೂತಳು.

ಅವಳ ತಂಡ ನಡೆಸುವವರು ಚಿಕ್ಕಬಳ್ಳಾಪುರದ ಮುನಿಕೃಷ್ಣಪ್ಪ. ದ್ರಾಕ್ಷಿ ವ್ಯಾಪಾರದವರು, ಮಾತು ಅರ್ಧ ಕನ್ನಡ ಅರ್ಧ ತೆಲುಗು. ಒಂದು ದಿನ ನಮ್ಮ ಮನೆಗೆ ಬಂದು ಕಾಫಿ ಕುಡಿದು, ಭವ್ಯಾ ಒಳಗೆ ಹೋದಾಗ ನನ್ನ ಹತ್ತಿರ ಮೆಲ್ಲಗೆ ಹೇಳಿದರು: "ಏಂ ಮಾಡೋದು ಮೇಡಮ್ಮೋರೆ. ಫಿನ್ಲೆಂಡ್‌ಗೆ ಹೆಸರು ಕೊಟ್ಟಾಗಿದೆ. ಅಲ್ಲೂ ಹಿಂಗೇ ಆದ್ರೆ ನಾನು ಬೇರೆ ಡ್ರೈವರ್‌ನ ನೋಡ್ಕೋಬೇಕಾಗುತ್ತೆ. ನಂಗೂ ಬೇಜಾರೇ."

ಕಿರಣನಿಗೆ ರಜೆ ಸಿಗಲಿಲ್ಲ. ಬೀಗಿತ್ತಿಗೆ ಮಂಡಿನೋವು. ನನ್ನ ಬಳಿ ಪಾಸ್‌ಪೋರ್ಟ್ ಇತ್ತು. ನಿವೃತ್ತಿಯಾದಾಗ ಯಾರೋ ಮಾಡಿಸಿಕೊಳ್ಳಿ ಎಂದಿದ್ದಕ್ಕೆ ಮಾಡಿಸಿದ್ದೆ. ಆಧಾರಿಗಿಂತ ಅದರಲ್ಲಿ ನನ್ನ ಫೋಟೊ ಚೆನ್ನಾಗಿ ಬಂದಿತ್ತು ಎನ್ನುವುದು ಬಿಟ್ಟರೆ ಅದರಿಂದ ಅದುವರೆಗೆ ಏನೂ ಉಪಯೋಗವಾಗಿರಲಿಲ್ಲ. ನಮ್ಮ ಮನೆಯವರು "ಚಳಿಯಂತೆ, ಸ್ವೆಟರ್ ತಗೊಂಡ್ಹೋಗು" ಎಂದಷ್ಟೇ ಹೇಳಿ ಪೇಪರಿನ ಮುಂದಿನ ಹಾಳೆ ತಿರುವಿದರು.

ಹೆಲ್ಸಿಂಕಿಯಿಂದ ಬಸ್ಸಿನಲ್ಲಿ

ಹೋದವರು ಐದು ಜನ: ಭವ್ಯಾ, ಪಾಪು, ನಾನು, ಮುನಿಕೃಷ್ಣಪ್ಪ, ಮತ್ತು ಶಾಹಿನಾ. ಶಾಹಿನಾ ಶಿಡ್ಲಘಟ್ಟದ ಹುಡುಗಿ, ಮನೆಯವರದು ರೇಷ್ಮೆ ನೂಲು ತೆಗೆಯುವ ಕೆಲಸ. ಭವ್ಯಾಳ ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುವ ನ್ಯಾವಿಗೇಟರ್ ಅವಳೇ. ಗೊತ್ತಿಲ್ಲದವರಿಗೆ ಒಂದು ಮಾತು. ರ‍್ಯಾಲಿಯಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ. ಕಾಡಿನ ರಸ್ತೆಯನ್ನು ಒಂದೊಂದು ತುಂಡಾಗಿ ಮುಚ್ಚಿ ಒಂದೊಂದೇ ಕಾರು ಬಿಡುತ್ತಾರೆ, ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದ ಹಾಗೆ. ಡ್ರೈವರಿಗೆ ಮುಂದಿನ ತಿರುವು ಕಾಣುವ ಮೊದಲೇ ನ್ಯಾವಿಗೇಟರ್ ಅದನ್ನು ಓದಿ ಹೇಳಬೇಕು. ಇಲ್ಲದಿದ್ದರೆ ಕಾರು ಮರ ಹತ್ತುತ್ತದೆ.

ಹೆಲ್ಸಿಂಕಿಯಿಂದ ಸರೋವರಗಳ ಸೀಮೆಯ ಆ ಊರಿಗೆ ಬಸ್ಸಿನಲ್ಲಿ ಹೋದೆವು. ಬಸ್ ಸ್ಟಾಪಿನಲ್ಲಿ ಜನ ನಿಂತಿದ್ದ ರೀತಿ ನೋಡಿ ನನಗೆ ಅಲ್ಲಿ ಏನೋ ಜಗಳವಾಗಿದೆ ಅನಿಸಿತು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಎತ್ತಿನ ಗಾಡಿ ಹಾಯುವಷ್ಟು ಜಾಗ. ನಾನು ರೂಢಿಯಂತೆ ಮುಂದಿನವರ ಬೆನ್ನಿಗೆ ಅಂಟಿಕೊಂಡು ನಿಂತೆ. ಅವರು ಒಂದು ಹೆಜ್ಜೆ ಮುಂದೆ ಹೋದರು. ನಾನೂ ಹೋದೆ. ಹೀಗೇ ಅವರನ್ನು ಪಾಪ, ಸ್ಟಾಪಿನ ಮಾಡಿನಿಂದ ಆಚೆ ತುಂತುರು ಮಳೆಗೆ ದಬ್ಬಿಬಿಟ್ಟೆ. ಅವರು ಏನೂ ಅನ್ನಲಿಲ್ಲ. ನೆನೆದರು, ಅಷ್ಟೆ.

ಬಸ್ಸಿನಲ್ಲಿ ಐವತ್ತು ಜನರಿದ್ದರೂ ಗುಟುಕು ನೀರು ಕುಡಿದರೆ ಕೇಳಿಸುವಷ್ಟು ಮೌನ. ಗೌರಿಬಿದನೂರಿನ ಬಸ್ಸಿನಲ್ಲಿ ತೊಂಡೇಬಾವಿ ಬರುವಷ್ಟರಲ್ಲಿ ಪಕ್ಕದವರಿಗೆ ಎಷ್ಟು ಮಕ್ಕಳು, ಯಾರಿಗೆ ಸಕ್ಕರೆ ಕಾಯಿಲೆ, ಯಾವ ಸೊಸೆ ಬೇರೆ ಮನೆ ಮಾಡಿದಳು ಎಲ್ಲ ಗೊತ್ತಾಗಿರುತ್ತದೆ. ಮುನಿಕೃಷ್ಣಪ್ಪನವರ ಫೋನು ಬಂತು. ಅವರು ದ್ರಾಕ್ಷಿ ಮಂಡಿಯ ದನಿಯಲ್ಲೇ, "ಹಲೋ! ಆ, ಚೆಪ್ಪು, ಹೇಳು!" ಎಂದರು. ಇಡೀ ಬಸ್ಸು ಒಮ್ಮೆ ಬೆಚ್ಚಿತು. ಪಾಪು ಸಂತೋಷದಿಂದ ಚಪ್ಪಾಳೆ ತಟ್ಟಿದಳು. ವಿಮಾನ ಹತ್ತಿದ ಮೇಲೆ ಅವಳು ಕೇಳಿದ ಮೊದಲ ಮನುಷ್ಯರ ಸದ್ದು ಅದು.

ಮಿರ್ಯಾಳ ಮನೆ

ನಮಗೆ ಗೊತ್ತುಮಾಡಿದ್ದು ಸರೋವರದ ದಡದಲ್ಲಿ ಒಂದು ಮರದ ಮನೆ. ಪಕ್ಕದ ಮನೆಯಲ್ಲೇ ಅದರ ಒಡತಿ ಮಿರ್ಯಾ. ನನ್ನ ವಯಸ್ಸಿನವಳು, ಒಂಟಿ, ಗಟ್ಟಿಮುಟ್ಟಾದ ಹೆಂಗಸು. ಇಂಗ್ಲಿಷು ನನಗೂ ಅವಳಿಗೂ ಅಷ್ಟಕ್ಕಷ್ಟೆ, ಹೀಗಾಗಿ ಸರಿಹೋಯಿತು. ಆದರೆ ಅವಳಲ್ಲೊಂದು ವಿಚಿತ್ರ ಇತ್ತು. ನಾನು ಏನು ಹೇಳಿದರೂ ಬಾಯಿ ತೆರೆದು ಉಸಿರನ್ನು ಸರ್ರನೆ ಒಳಗೆಳೆದುಕೊಳ್ಳುತ್ತಿದ್ದಳು. "ಹಾಲು ಎಲ್ಲಿ ಸಿಗುತ್ತದೆ?" ಎಂದರೂ ಹಾಗೆ, "ನಿಮ್ಮ ಮನೆ ಚೆನ್ನಾಗಿದೆ" ಎಂದರೂ ಹಾಗೆ. ಉಬ್ಬಸ ಇರಬೇಕು ಎಂದುಕೊಂಡು ನಾನು ಶುಂಠಿ ಕಷಾಯ ಮಾಡಿಕೊಟ್ಟೆ. ಅದನ್ನು ಕುಡಿಯುವಾಗಲೂ ಹಾಗೇ ಉಸಿರೆಳೆದಳು. ಆಮೇಲೆ ಶಾಹಿನಾ ಫೋನಿನಲ್ಲಿ ಹುಡುಕಿ ಹೇಳಿದಳು: "ಆಂಟಿ, ಅದು ಇಲ್ಲಿನೋರು ಹೂಂ ಅನ್ನೋ ರೀತಿಯಂತೆ!" ನಾವು ಉಸಿರು ಹೊರಗೆ ಬಿಟ್ಟು ಹೂಂ ಅನ್ನುತ್ತೇವೆ, ಅವರು ಒಳಗೆಳೆದು ಅನ್ನುತ್ತಾರೆ. ಬೇಡದ ಕಷಾಯವನ್ನು ಮೂರು ದಿನ ಹೂಂ ಹೂಂ ಎನ್ನುತ್ತಾ ಕುಡಿದಿದ್ದಳು.

ಅವಳಿಗೂ ನನ್ನಿಂದ ಕಷ್ಟಗಳಿದ್ದವು. ನಾನು ಬೆಳಗ್ಗೆ ಪಾಪುವಿನ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಡುತ್ತಿದ್ದೆ. ಮಿರ್ಯಾ ಬಂದವಳೇ ಕೊಳೆ ಎಂದುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುತ್ತಿದ್ದಳು. ನಾನು ಮತ್ತೆ ಇಡುವುದು, ಅವಳು ಮತ್ತೆ ಒರೆಸುವುದು. ಈ ಮಗು ಇಷ್ಟು ಬೇಗ ಹೇಗೆ ಕೊಳೆ ಮಾಡಿಕೊಳ್ಳುತ್ತದೆ ಎಂದು ಅವಳಿಗೆ ಆಶ್ಚರ್ಯ. ಇನ್ನೊಂದು ದಿನ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಪಾಪು ಮಲಗಿದ್ದ ತಳ್ಳುಗಾಡಿ ಮನೆಯೊಳಗಿಲ್ಲ. ಕೋಣೆ ಕೋಣೆ ಹುಡುಕಿದೆ. ನೋಡಿದರೆ ಗಾಡಿ ಅಂಗಳದಲ್ಲಿದೆ, ನಮಗೆ ಹಲ್ಲು ಕಟಕಟ ಅನ್ನುವ ಗಾಳಿಯಲ್ಲಿ ಮಗು ಸುಖವಾಗಿ ನಿದ್ದೆ ಮಾಡುತ್ತಿದೆ. ಅಲ್ಲಿ ಮಕ್ಕಳನ್ನು ಹೊರಗೇ ಮಲಗಿಸುವುದಂತೆ. ನಾನು ಓಡಿಹೋಗಿ ಇನ್ನೆರಡು ಟೋಪಿ ಹಾಕಿದೆ. ಮಿರ್ಯಾ ಒಂದು ತೆಗೆದಳು. ಒಂದಕ್ಕೆ ಇಬ್ಬರೂ ಒಪ್ಪಿದೆವು.

ಹಬೆಸ್ನಾನಕ್ಕೂ ಕರೆದಳು. ಮರದ ಕೋಣೆ, ಕಾದ ಕಲ್ಲು, ಅದರ ಮೇಲೆ ನೀರು ಚೆಲ್ಲಿದರೆ ಬರುವ ಹಬೆ. ನಮ್ಮ ಮನೆಯ ಹಂಡೆಯ ಪಕ್ಕದಲ್ಲಿ ಎಣ್ಣೆ ಹಚ್ಚಿಕೊಂಡು ಕೂತ ಹಾಗೇ. ಆದರೆ ಬಟ್ಟೆ ಹಾಕುವಂತಿಲ್ಲ ಎಂದಳು. ಮೂವತ್ತು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸೆರಗು ಪಿನ್ನು ಮಾಡಿಕೊಂಡು ಪಾಠ ಹೇಳಿದವಳು ನಾನು. ನೈಟಿಯಲ್ಲೇ ಒಳಗೆ ಹೋದೆ. ಸ್ವಲ್ಪ ಹೊತ್ತಿಗೆ ನೈಟಿ ಬೆಂದ ಮುದ್ದೆಬಟ್ಟೆಯ ಹಾಗೆ ಮೈಗಂಟಿತು. ಮಿರ್ಯಾ ಸಭ್ಯಸ್ಥೆ, ಸರೋವರದ ಕಡೆ ಮುಖ ಮಾಡಿ ಕೂತಳು.

ಹೆಲ್ಮೆಟ್ ತಪಾಸಣೆ

ರ‍್ಯಾಲಿಗೆ ಮೊದಲು ಕಾರು, ಬಟ್ಟೆ, ಹೆಲ್ಮೆಟ್ ಎಲ್ಲವನ್ನೂ ಅಧಿಕಾರಿಗಳು ಪರೀಕ್ಷೆ ಮಾಡುತ್ತಾರೆ. ಇದು ನನಗೆ ಗೊತ್ತಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ. ಗೌರಿಬಿದನೂರಿನಲ್ಲಿ ಸಾಮಾನು ಕಟ್ಟುವಾಗ ನನ್ನ ಪೆಟ್ಟಿಗೆ ತುಂಬಿಹೋಗಿತ್ತು. ಭವ್ಯಾಳ ಹೆಲ್ಮೆಟ್ ನೋಡಿದರೆ ಒಳಗೆ ಅಷ್ಟು ದೊಡ್ಡ ಜಾಗ ಖಾಲಿ. ಅಡುಗೆಮನೆಯಲ್ಲಿ ಖಾಲಿ ಡಬ್ಬಿ ಕಂಡರೆ ಸುಮ್ಮನಿರುವವಳಲ್ಲ ನಾನು. ಹುರಿಹಿಟ್ಟಿನ ಒಂದು ಪೊಟ್ಟಣ, ಬೆಳ್ಳುಳ್ಳಿ ಚಟ್ನಿಪುಡಿಯ ಇನ್ನೊಂದು ಪೊಟ್ಟಣ ಅದರಲ್ಲಿ ಒತ್ತಿ ಇಟ್ಟಿದ್ದೆ. ಊರು ತಲುಪಿದ ಮೇಲೆ ಪೊಟ್ಟಣಗಳನ್ನು ತೆಗೆದೆ, ಆದರೆ ಅವು ದಾರಿಯಲ್ಲಿ ಬಿರಿದಿದ್ದನ್ನು ಗಮನಿಸಲಿಲ್ಲ.

ಅಧಿಕಾರಿ ಎತ್ತರದ ಮನುಷ್ಯ, ನರೆತ ಗಡ್ಡ. ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಗಂಭೀರವಾಗಿ ತಲೆಕೆಳಗು ಮಾಡಿದ. ಮೇಜಿನ ಮೇಲೆ ಕಂದು ಪುಡಿ, ಕೆಂಪು ಪುಡಿ ಸುರಿಯಿತು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಅಲ್ಲಿನವರು ಮೊದಲೇ ಮಾತಾಡುವುದಿಲ್ಲ, ಆದರೆ ಈ ಮೌನ ಬೇರೆ ಥರದ್ದು. ಇನ್ನಿಬ್ಬರು ಅಧಿಕಾರಿಗಳು ಬಂದರು. ಒಬ್ಬ ಬೆರಳಲ್ಲಿ ಮುಟ್ಟಿ ಮೂಸಿದ, ಸೀನಿದ. ಬೆಂಕಿ ಹಿಡಿಯುವ ವಸ್ತುವೇ ಎಂದು ಕೇಳಿದ.

ಭವ್ಯಾ ನನ್ನ ಕಡೆ ನೋಡಿದಳು. "ಅತ್ತೆ..."

"ಖಾರದ್ದು ಅಷ್ಟೇ ಕಣಮ್ಮ, ಬೆಂಕಿಯೇನಿಲ್ಲ ಅಂತ ಹೇಳು" ಎಂದೆ.

ಮುನಿಕೃಷ್ಣಪ್ಪ ಮುಂದೆ ಬಂದು, "ಫುಡ್ ಸಾರ್, ಬೇಬಿ ಫುಡ್!" ಎಂದು ಹುರಿಹಿಟ್ಟಿನ ಕಡೆಯಿಂದ ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಳ್ಳಲು ಹೋಗಿ, ಆತುರಕ್ಕೆ ಚಟ್ನಿಪುಡಿಯನ್ನೇ ಹಾಕಿಕೊಂಡರು. ಅವರ ಕಣ್ಣಲ್ಲಿ ನೀರು ಬಂತು. ಇಂಥದ್ದನ್ನು ಹಸುಗೂಸಿಗೆ ತಿನ್ನಿಸುವ ದೇಶದವರನ್ನು ನಾವು ತಡೆಯುವುದು ಬೇಡ ಅನಿಸಿರಬೇಕು, ಗಡ್ಡದವನು ಹೆಲ್ಮೆಟ್ಟಿಗೆ ಸ್ಟಿಕರ್ ಅಂಟಿಸಿಕೊಟ್ಟ. ಭವ್ಯಾ ಅದರ ಒಳಬಟ್ಟೆಯನ್ನು ಎರಡು ಸಲ ಒಗೆದಳು. ಬೆಳ್ಳುಳ್ಳಿ ವಾಸನೆ ಹೋಗಲಿಲ್ಲ.

ಮೊದಲ ದಿನ

ಮೊದಲ ದಿನ ನಾನು ಮನೆಯಲ್ಲೇ ಉಳಿದೆ. ಸಂಜೆ ಮೂವರೂ ಬಂದರು. ಮುನಿಕೃಷ್ಣಪ್ಪ ಶೂ ಬಿಚ್ಚುತ್ತಾ ಹವಾಮಾನದ ಬಗ್ಗೆ ಮಾತಾಡಿದರು. ವ್ಯಾಪಾರದವರು ಹವಾಮಾನದ ಬಗ್ಗೆ ಮಾತಾಡಿದರೆ ವ್ಯಾಪಾರ ಆಗಿಲ್ಲವೆಂದೇ ಅರ್ಥ.

ಭವ್ಯಾ ತನ್ನ ತರಗತಿಯ ಕಾರುಗಳಲ್ಲಿ ಕೊನೆಯಿಂದ ಎರಡನೆಯವಳಾಗಿದ್ದಳು. ಕೊನೆಯವನ ಕಾರಿನಲ್ಲಿ ಗೇರು ಮುರಿದಿತ್ತಂತೆ.

ಅವಳು ಪಾಪುವಿಗೆ ಹಾಲು ಕುಡಿಸುತ್ತಾ ಕಿಟಕಿಯ ಆಚೆ ನೋಡುತ್ತಿದ್ದಳು. ಗಂಟೆ ಒಂಬತ್ತಾದರೂ ಬಿಸಿಲಿತ್ತು. ಆ ದೇಶದಲ್ಲಿ ಸಂಜೆ ದೀಪ ಹಚ್ಚುವುದು ಯಾವಾಗ ಎಂಬುದೇ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

"ಮತ್ತೆ ಕಾಲು ಎದ್ದುಬಿಡ್ತಾ?" ಎಂದೆ.

"ಹೂಂ ಅತ್ತೆ. ಇಲ್ಲಿ ಬರೀ ದಿಬ್ಬಗಳು. ದಿಬ್ಬದ ಆಚೆ ಏನೂ ಕಾಣಲ್ಲ. ಮೊದಲೆಲ್ಲ ಕಾಣ್ದೇ ಇದ್ರೂ ಹೋಗ್ತಿದ್ದೆ." ಪಾಪುವನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡಳು. "ನನ್ನ ಕಥೆ ಮುಗೀತು ಅನ್ಸುತ್ತೆ. ಊರಿಗೆ ಹೋದ್ಮೇಲೆ ಡ್ರೈವಿಂಗ್ ಸ್ಕೂಲ್ ಇಡ್ತೀನಿ ಬಿಡಿ."

ಮದುವೆಯಾದಾಗಿನಿಂದ ನಾನು ಅವಳಿಗೆ ಹೇಳುತ್ತಾ ಬಂದಿದ್ದು ಅದನ್ನೇ. ಡ್ರೈವಿಂಗ್ ಸ್ಕೂಲ್ ಇಡಮ್ಮ, ಬೋರ್ಡಿಗೆ ಹೆಸರು ನಾನು ಬರೆದುಕೊಡುತ್ತೇನೆ ಎಂದು. ಈಗ ಅವಳೇ ಆ ಮಾತು ಆಡಿದಾಗ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಯಾಕೆ ಎಂದು ಯೋಚಿಸುತ್ತಾ ಚಿತ್ರಾನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ.

ಅಡುಗೆಮನೆಯ ಮೇಜು

ಊಟವಾದ ಮೇಲೆ ಇಬ್ಬರೂ ಮಾರನೆಯ ದಿನದ ರಸ್ತೆಯನ್ನು ಅಭ್ಯಾಸ ಮಾಡಲು ಅಡುಗೆಮನೆಯ ಮೇಜಿಗೆ ಕೂತರು. ನಾನು ಪಾತ್ರೆ ತೊಳೆಯುತ್ತಿದ್ದೆ. ಇದನ್ನು ನೀವು ನೋಡಬೇಕು. ಭವ್ಯಾ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡು, ಕೈಯಲ್ಲಿ ಊಟದ ತಟ್ಟೆಯನ್ನು ಸ್ಟೇರಿಂಗಿನಂತೆ ಹಿಡಿದುಕೊಂಡು ಕೂರುತ್ತಾಳೆ. ಶಾಹಿನಾ ಪಕ್ಕದ ಕುರ್ಚಿಯಲ್ಲಿ, ಮೊದಲೇ ರಸ್ತೆ ನೋಡಿಬಂದು ತಾನು ಬರೆದುಕೊಂಡ ಪುಸ್ತಕದಿಂದ ಓದುತ್ತಾಳೆ. "ಎಡ ನಾಲ್ಕು. ಸೀದಾ ನೂರು. ಬಲ ಮೂರು, ಹುಷಾರು. ದಿಬ್ಬ, ಹುಷಾರು. ಎಡ ಐದು ಉದ್ದ." ಅಂಕಿ ಚಿಕ್ಕದಾದಷ್ಟು ತಿರುವು ಕಡಿದು ಎಂದರ್ಥ. ತಟ್ಟೆ ಎಡಕ್ಕೆ ಬಲಕ್ಕೆ ತಿರುಗುತ್ತದೆ. ಪಾಪು ನೆಲದಲ್ಲಿ ಕೂತು ಕೇಕೆ ಹಾಕುತ್ತಾಳೆ.

ನಾನು ಕೆಳಗೆ ಬಿದ್ದ ಚಮಚ ತೆಗೆಯಲು ಬಗ್ಗಿದೆ. ಮೇಜಿನ ಕೆಳಗೆ ಭವ್ಯಾಳ ಬಲಗಾಲು ಕಂಡಿತು. ನೆಲವನ್ನು ಒತ್ತಿಕೊಂಡಿತ್ತು. ಶಾಹಿನಾ "ಹುಷಾರು" ಎಂದಳು, ಕಾಲು ಎದ್ದಿತು. ಮತ್ತೆ ಒತ್ತಿತು. "ಹುಷಾರು," ಎದ್ದಿತು. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಪಾಪು ನನ್ನದೂ ಆಟವೆಂದುಕೊಂಡು ಪಕ್ಕಕ್ಕೆ ಬಂದು ಕೂತಳು.

ಉಕ್ತಲೇಖನ ಹೇಳಿ ಹೇಳಿ ನನ್ನ ಕಿವಿ ಒಂದು ಪದ ಮತ್ತೆ ಮತ್ತೆ ಬಂದರೆ ಹಿಡಿದುಬಿಡುತ್ತದೆ. ಎದ್ದು ನಿಂತು ಕೇಳಿದೆ, "ಶಾಹಿನಾ, ಅದೇನು ಎರಡು ಮಾತಿಗೊಂದು ಹುಷಾರು? ಪಾಪು ನಿಂತ್ಕೊಳ್ಳೋದು ಕಲಿಯುವಾಗ ನಾನೂ ಇಷ್ಟು ಹೇಳಲ್ಲ ಕಣಮ್ಮ."

ಶಾಹಿನಾ ಓದುವುದು ನಿಲ್ಲಿಸಿದಳು. ಭವ್ಯಾ ಕಣ್ಣು ತೆರೆದಳು.

"ಮೊದಲಿಂದಾನೂ ಇಷ್ಟೇ ಹೇಳ್ತಿದ್ಯಾ?" ಎಂದೆ.

ಶಾಹಿನಾ ತಲೆ ತಗ್ಗಿಸಿದಳು. ಆಮೇಲೆ ಒಮ್ಮೆಗೇ ಅಳು ಬಂತು. "ಏನ್ ಮಾಡ್ಲಿ ಆಂಟಿ? ಎಲ್ಲಾರೂ ನನಗೇ ಹೇಳೋದು! ನಮ್ಮಮ್ಮಿ, ಮಗು ತಾಯಿ ಕಣೇ, ನೋಡ್ಕೋ ಅಂತಾರೆ. ಪೆರೇಸಂದ್ರದಿಂದ ಭವ್ಯಕ್ಕನ ಅಮ್ಮ ಫೋನ್ ಮಾಡಿ ಹೇಳ್ತಾರೆ. ಕಿರಣಣ್ಣ ದಿನಾ ಮೆಸೇಜ್ ಹಾಕ್ತಾರೆ. ನೀವೂ ಏರ್‌ಪೋರ್ಟಲ್ಲಿ ನನ್ನ ಕೈ ಹಿಡ್ಕೊಂಡು ಹೇಳಿದ್ರಿ, ಅವಳ್ನ ಹುಷಾರಾಗಿ ಕರ್ಕೊಂಡ್ಬಾ ಅಂತ. ನಾನೇನ್ ಮಾಡ್ಲಿ, ಸ್ಟೇರಿಂಗ್ ನನ್ನ ಕೈಯಲ್ಲಿದ್ಯಾ? ನನ್ನ ಕೈಯಲ್ಲಿ ಇರೋದು ಈ ಮಾತು ಒಂದೇ. ಅದ್ಕೇ ಹೇಳ್ತಾ ಹೋದೆ."

ಕೇಳುತ್ತಾ ಕೇಳುತ್ತಾ ಭವ್ಯಾಳ ಮುಖ ಕೆಂಪಾಯಿತು. ಬೈಯುತ್ತಾಳೆ ಎಂದುಕೊಂಡೆ. "ಲೇ ಶಾಹಿನಾ," ಎಂದಳು, "ನೀನು ಹುಷಾರು ಅಂದ್ರೆ ಅಲ್ಲಿ ನಿಜವಾಗ್ಲೂ ಏನೋ ಇದೆ ಅಂತ ಕಾಲು ಎದ್ಬಿಡುತ್ತೆ ಕಣೇ. ನಾನು ನಿನ್ನ ನಂಬಿ ಓಡ್ಸೋದು! ನನಗೇ ಏನೋ ಆಗೋಗಿದೆ, ಭಯ ಹಿಡ್ಕೊಂಡಿದೆ ಅಂತ ಮೂರು ತಿಂಗಳಿಂದ ಒದ್ದಾಡ್ತಿದೀನಿ!" ಹಾಗೆಂದು ಬೈಯುತ್ತಲೇ ನಗತೊಡಗಿದಳು. ಶಾಹಿನಾ ಅಳುತ್ತಲೇ ನಕ್ಕಳು. ಸದ್ದು ಕೇಳಿ ಮುನಿಕೃಷ್ಣಪ್ಪ ಬನಿಯನ್ನಿನಲ್ಲೇ ಬಾಗಿಲಿಗೆ ಬಂದು, "ಏಮಾಯಿಂದಿ, ಏನಾಯ್ತು?" ಎಂದು ಕೇಳಿ, ಯಾರೂ ಉತ್ತರ ಕೊಡದಿದ್ದಾಗ ಎಲ್ಲರಿಗೂ ಚಹಾ ಮಾಡಿದರು.

ಆಮೇಲೆ ಕೆಲಸ ಶುರುವಾಯಿತು. ಒಂದೊಂದೇ ತಿರುವು ನೋಡಿ ಬೇಡದ ಹುಷಾರುಗಳನ್ನು ಹೊಡೆದುಹಾಕುವುದು. ನಾನು ನನ್ನ ಕೈಚೀಲದಿಂದ ಕೆಂಪು ಪೆನ್ನು ಕೊಟ್ಟೆ. ಎಲ್ಲವೂ ಹೋಗಲಿಲ್ಲ. "ಇದು ಬೇಕು, ಇಲ್ಲಿ ಬಂಡೆ ಇದೆ" ಎಂದು ಭವ್ಯಾ ಕೆಲವನ್ನು ಉಳಿಸಿದಳು. ಪೆನ್ನು ಓಡುತ್ತಾ ಓಡುತ್ತಾ ಒಂದು ಕಡೆ ನಿಂತಿತು. ಅದು ಕೊನೆಯ ರಸ್ತೆಯ ದೊಡ್ಡ ದಿಬ್ಬ. ನೋಡಲು ಜನ ಸೇರುವುದೇ ಅಲ್ಲಿ.

ಶಾಹಿನಾ ಭವ್ಯಾಳ ಮುಖ ನೋಡಿದಳು.

"ಅಲ್ಲೇನಿದೆ?" ಎಂದೆ.

"ಏನೂ ಇಲ್ಲ ಅತ್ತೆ. ಆಚೆ ಕಡೆ ಸೀದಾ ರಸ್ತೆ. ಕಾಣಲ್ಲ ಅಷ್ಟೆ. ಇಲ್ಲಿನೋರು ಇಲ್ಲಿ ಕಾಲೇ ಎತ್ತಲ್ಲ, ಪೂರ್ತಿ ಒತ್ತಿ ಹಾರ್ತಾರೆ."

"ಏನೂ ಇಲ್ಲ ಅಂದ್ಮೇಲೆ ಹುಷಾರು ಯಾಕೆ?" ಎಂದೆ. ತರಗತಿಯ ದನಿ, ತಾನಾಗಿ ಬಂದುಬಿಟ್ಟಿತು.

ಭವ್ಯಾ ಪೆನ್ನನ್ನು ನನ್ನ ಕೈಗೆ ಕೊಟ್ಟಳು. "ಹಾಗಾದ್ರೆ ನೀವೇ ಹೊಡೀರಿ."

ತಮಾಷೆಗೆ ಕೊಟ್ಟದ್ದಲ್ಲ ಎಂದು ಅವಳ ಕಣ್ಣು ನೋಡಿದರೆ ತಿಳಿಯುತ್ತಿತ್ತು. ನೆಲದಲ್ಲಿ ಪಾಪು ಚಮಚ ಕಚ್ಚುತ್ತಾ ಕೂತಿದ್ದಳು. ಎಷ್ಟೋ ಮಕ್ಕಳ ಎಷ್ಟೋ ತಪ್ಪುಗಳ ಮೇಲೆ ಕಣ್ಣು ಮಿಟುಕಿಸದೆ ಗೀಟು ಎಳೆದವಳು ನಾನು. ಆ ಒಂದು ಪದದ ಮೇಲೆ ಎರಡು ಸಲ ಪೆನ್ನಿಟ್ಟು ತೆಗೆದೆ. ಭವ್ಯಾ ಕಾಯುತ್ತಿದ್ದಳು. ಅವಸರ ಮಾಡಲಿಲ್ಲ. ಕೊನೆಗೆ ಗೀಟು ಎಳೆದೆ. ನೆಟ್ಟಗೆ ಬರಲಿಲ್ಲ. ಎಳೆದವಳೇ, ಪಾತ್ರೆ ಎಲ್ಲ ತೊಳೆದಾಗಿದ್ದರೂ ಹೋಗಿ ಮತ್ತೆ ಅವನ್ನೇ ತೊಳೆದೆ.

ದಿಬ್ಬದ ಹತ್ತಿರ

ಮಾರನೆಯ ದಿನ ಮನೆಯಲ್ಲಿ ಕೂರಲು ನನ್ನಿಂದಾಗಲಿಲ್ಲ. ಮಿರ್ಯಾಳಿಗೆ ಕೈಸನ್ನೆ ಮಾಡಿ ತೋರಿಸಿದೆ: ಕಾರು, ದಿಬ್ಬ, ನಾನು. ಅವಳು ತನ್ನ ಹಳೆಯ ಕಾರು ತೆಗೆದಳು. ಮೊಮ್ಮಗುವಿನದಿರಬೇಕು, ಸದ್ದು ತಾಗದಂತೆ ಕಿವಿ ಮುಚ್ಚುವ ದೊಡ್ಡ ಬಟ್ಟಲಿನಂಥದ್ದನ್ನು ತಂದು ಪಾಪುವಿನ ತಲೆಗೆ ಹಾಕಿದಳು.

ಕಾಡಿನ ನಡುವೆ ಜಾತ್ರೆಯಷ್ಟು ಜನ, ಆದರೆ ಗಲಾಟೆ ಇಲ್ಲ. ಚೂರು ಬೆಂಕಿ ಹಾಕಿಕೊಂಡು ಏನೋ ಸುಟ್ಟು ತಿನ್ನುತ್ತಿದ್ದರು. ರಸ್ತೆಯಂಚಿಗೆ ಕಟ್ಟಿದ್ದ ಹಗ್ಗದಾಚೆ ಎತ್ತರದ ದಡದಲ್ಲಿ ಮಿರ್ಯಾ ನನಗೆ ಜಾಗ ಮಾಡಿದಳು. ಅಲ್ಲಿಂದ ರಸ್ತೆ ನೋಡಿದರೆ ನಮ್ಮ ಮಂಡಿಕಲ್ ರಸ್ತೆಯ ಥರವೇ ಇತ್ತು, ಗುಂಡಿ ಇಲ್ಲ, ಎಮ್ಮೆ ಇಲ್ಲ, ಅಷ್ಟೇ. ಮೊದಲ ಕಾರು ಬಂತು. ಬಂತು ಅನ್ನುವುದಕ್ಕಿಂತ ದಿಬ್ಬದ ಆಚೆಯಿಂದ ಯಾರೋ ಅದನ್ನು ಎತ್ತಿ ಬಿಸಾಕಿದಂತಾಯಿತು. ನನ್ನ ತಲೆಯ ಎತ್ತರದಲ್ಲಿ ಹಾರಿ, ಎಲ್ಲೋ ದೂರದಲ್ಲಿ ಧಡ್ಡನೆ ಇಳಿದು ಹೋಯಿತು. ಜಲ್ಲಿ ನಮ್ಮ ಮೇಲೆ ಚೆಲ್ಲಿತು. ಇದನ್ನೇ ನಾನು ರಾತ್ರಿ ಕೆಂಪು ಪೆನ್ನಿನಲ್ಲಿ ಮಂಜೂರು ಮಾಡಿದ್ದು ಎಂದು ಆಗ ಹೊಳೆಯಿತು.

ಒಂದಾದ ಮೇಲೊಂದು ಬಂದವು. ಕೆಲವು ದಿಬ್ಬದ ಹತ್ತಿರ ಸದ್ದು ಇಳಿಸುತ್ತಿದ್ದವು. ಕಾಲು ಎತ್ತಿದ್ದಾರೆ ಎಂದು ನನಗೂ ತಿಳಿಯತೊಡಗಿತು. ಆಮೇಲೆ ದೂರದಲ್ಲಿ ನಮ್ಮ ಕಾರಿನ ಸದ್ದು. ಮಿರ್ಯಾ ಕೈಯಲ್ಲಿದ್ದ ಕಾರುಗಳ ಸರದಿ ಪಟ್ಟಿ ನೋಡಿ ನನ್ನ ತೋಳು ಮುಟ್ಟಿದಳು. ಪಾಪು ನನ್ನ ಸೊಂಟದ ಮೇಲಿದ್ದಳು, ರಸ್ತೆಯ ಕಡೆಗೆ ಮುಖ. ಸದ್ದು ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ಈಗ ಇಳಿಸುತ್ತಾಳೆ, ಈಗ ಇಳಿಸುತ್ತಾಳೆ ಎಂದುಕೊಂಡೆ. ಇಳಿಸಲಿಲ್ಲ.

ನಾನು ಕಣ್ಣು ಮುಚ್ಚಿಕೊಂಡೆ.

ಒಂದು ಕ್ಷಣ ಏನೂ ಕೇಳಿಸಲಿಲ್ಲ. ಆಮೇಲೆ ಧಡ್ಡನೆ ಸದ್ದು, ಜಲ್ಲಿ, ಮತ್ತೆ ಇಂಜಿನ್ ಕೂಗಿಕೊಂಡು ದೂರ ಹೋದ ಸದ್ದು. ಕಣ್ಣು ತೆರೆದಾಗ ಧೂಳು ಮಾತ್ರ ಇತ್ತು. ನಾನು ಬಿದ್ದುಬಿಡುತ್ತೇನೆಂದು ಮಿರ್ಯಾ ನನ್ನನ್ನೇ ನೋಡುತ್ತಾ ಎರಡೂ ಭುಜ ಹಿಡಿದುಕೊಂಡಿದ್ದಳು. ಅಷ್ಟು ಹೊತ್ತು ಬಾಯಿ ಬಿಡದಿದ್ದ ಜನ ಚಪ್ಪಾಳೆ ತಟ್ಟುತ್ತಿದ್ದರು. ಯಾರೋ ಚರಂಡಿಗಿಳಿದು ನಮ್ಮ ಕಾರಿನಿಂದ ಕಳಚಿಬಿದ್ದ ಬಂಪರಿನ ತುಂಡನ್ನು ಎತ್ತಿ ತಂದರು. ಕಳೆದ ವಸ್ತುವನ್ನು ವಾರಸುದಾರರಿಗೆ ಒಪ್ಪಿಸುವ ಗಾಂಭೀರ್ಯದಲ್ಲಿ ಅದನ್ನು ಪಾಪುವಿನ ತಳ್ಳುಗಾಡಿಯಲ್ಲಿ ಇಟ್ಟರು.

ಸಾಯಂಕಾಲ ಕಾರುಗಳು ಸೇರುವ ಮೈದಾನಕ್ಕೆ ಹೋದಾಗ ಮುನಿಕೃಷ್ಣಪ್ಪ ಓಡಿಬಂದರು. "ಮೇಡಮ್ಮೋರೆ, ಇವತ್ತು ನಾಲ್ಕನೇ ಪ್ಲೇಸ್! ಕಡೇ ರೋಡಲ್ಲಿ ಇಬ್ಬರು ಮಾತ್ರ ಅವಳಿಗಿಂತ ಫಾಸ್ಟು! ಇಲ್ಲಿನೋರೇ ಬಂದು ಕೇಳ್ತಾವ್ರೆ, ಯಾರಪ್ಪಾ ಇವಳು ಅಂತ." ಬೇರೆ ಡ್ರೈವರಿನ ಮಾತು ಏನಾಯಿತು ಎಂದೆ. "ಯಾವ ಡ್ರೈವರ್?" ಎಂದರು. ಮುಂದಿನ ವರ್ಷದ ರ‍್ಯಾಲಿಗಳ ಹೆಸರನ್ನೆಲ್ಲ ಆಗಲೇ ಹೇಳತೊಡಗಿದ್ದರು, ಅರ್ಧ ತೆಲುಗಿನಲ್ಲಿ.

ಭವ್ಯಾ ಕಾರಿನ ಬಾನೆಟ್ಟಿಗೆ ಒರಗಿ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು. ಅದು ಎಷ್ಟನೆಯದೋ. ಪಕ್ಕದಲ್ಲಿ ಶಾಹಿನಾ ದನಿ ಹೋಗಿ ಗಂಟಲು ನೀವಿಕೊಳ್ಳುತ್ತಿದ್ದಳು. ಭವ್ಯಾ ಪಾಪುವನ್ನು ನನ್ನ ಕೈಯಿಂದ ಎತ್ತಿಕೊಂಡು ಮುಖವೆಲ್ಲ ಮುತ್ತಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅತ್ತೆ, ದಿಬ್ಬದ ಹತ್ರ ಇದ್ರಂತೆ. ನೋಡಿದ್ರಾ?"

ನೋಡಿದೆ ಎಂದುಬಿಡಬಹುದಿತ್ತು. ಅವಳ ಮುಖ ನೋಡಿ ಸುಳ್ಳು ಬರಲಿಲ್ಲ. "ಇಲ್ಲ ಕಣಮ್ಮ. ಸರಿಯಾಗಿ ಆ ಹೊತ್ತಿಗೆ ಕಣ್ಣು ಮುಚ್ಕೊಂಡ್ಬಿಟ್ಟೆ."

ಭವ್ಯಾ ಬಾಳೆಹಣ್ಣಿನ ಇನ್ನೊಂದು ತುಂಡು ಕಚ್ಚಿದಳು. "ಹೋಗ್ಲಿ ಬಿಡಿ ಅತ್ತೆ. ನಾನೂ ಏನೂ ನೋಡ್ಲಿಲ್ಲ. ಬಾನೆಟ್ ಮೇಲಕ್ಕೆದ್ದಾಗ ಬರೀ ಆಕಾಶ."

"ನನ್ನ ತಲೆ ಪುಸ್ತಕದಲ್ಲಿತ್ತು" ಎಂದಳು ಶಾಹಿನಾ, ಇದ್ದಷ್ಟು ದನಿಯಲ್ಲಿ.

"ನಾನು ಇಲ್ಲೇ ಇದ್ದೆ, ದೇವರಿಗೆ ಮುಡಿಪು ಕಟ್ತಾ" ಎಂದರು ಮುನಿಕೃಷ್ಣಪ್ಪ.

ಹಾಗಾದರೆ ನಮ್ಮ ಪೈಕಿ ಅದನ್ನು ಕಣ್ತುಂಬ ನೋಡಿದವಳು ಒಬ್ಬಳೇ. ನಾಲ್ವರೂ ಅವಳ ಕಡೆ ತಿರುಗಿದೆವು. "ಏನ್ ನೋಡ್ದೆ ಪಾಪು? ಅಮ್ಮ ಎಷ್ಟೆತ್ತರ ಹಾರಿದ್ಲು, ಹೇಳು?" ಎಂದೆ. ಪಾಪು ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಅಮ್ಮನ ಕೈಯಲ್ಲಿದ್ದ ಬಾಳೆಹಣ್ಣನ್ನು ಹಿಂಡಿ, ಅವಳ ರೇಸಿನ ಬಟ್ಟೆಯ ಎದೆಗೆ ನಿಧಾನವಾಗಿ ಸವರಿ, ತನಗೆ ಬರುವ ಒಂದೇ ಮಾತು ಹೇಳಿದಳು: "ತಾ."